ಕವಿಗಳ ಪತ್ರಿಕೆ, ಊರಿನ ಬೀಗದಕೈ

ಅಚ್ಚುಕೂಟದಲ್ಲಿ ಕೆಲಸ ಮಾಡಿದವನು ನಗೆಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ ನೋಡ್ರಿ, ಅವೇ ಹುಡುಕಿಕೊಂಡು ಬರುತ್ತವೆ. ಕೆಲವಂತೂ ಎತ್ತಿನ ಗಾಡಿ ಕಟ್ಟಿಕೊಂಡು ಬಂದದ್ದುಂಟು. ಮದರಾಸು ಸರ್ಕಾರದ ಕಾಲದಲ್ಲಿ ನಾನು ಹೊಸಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಅಲ್ಲಿ ಕಂಡದ್ದನ್ನೆಲ್ಲ ಹೇಳಿದರೆ ನೀವು ನಂಬುವುದಿಲ್ಲ, ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಒಂದು ನಾಲ್ಕೈದು ಹೇಳಿಬಿಡುತ್ತೇನೆ.

೧. ಪದ್ಯ ಕೊಡದ ಕವಿ

ನಮ್ಮ ಪ್ರೆಸ್ಸಿನ ಸಾವ್ಕಾರ್ರು ಬೆಲ್ಲದ ವ್ಯಾಪಾರಿ. ಬೆಲ್ಲದಲ್ಲಿ ಹೆಸರು ಬಂದಿತ್ತು, ವಿದ್ಯೆಯಲ್ಲೂ ಒಂದಿಷ್ಟು ಬರಲಿ ಎಂದು ವಾರಪತ್ರಿಕೆ ಹೊರಡಿಸಿದರು. ಸಂಪಾದಕರಾಗಿ ಬರಲು ಮೈಸೂರು ಕಡೆಯ ಒಬ್ಬ ದೊಡ್ಡ ಕವಿಗಳನ್ನು ಒಪ್ಪಿಸಿದರು. ಕವಿಗಳ ಹೆಸರು ಕೇಳದ ಮನೆಯಿರಲಿಲ್ಲ. ಸ್ಟೇಷನ್ನಿಗೆ ಹಾರ ಹಿಡಿದುಕೊಂಡು ಹೋದವರೇ ನಲವತ್ತು ಜನ.

ಕವಿಗಳು ಹಾರ ಹಾಕಿಸಿಕೊಂಡರು, ಬಜಾರಿನಲ್ಲಿ ನಡೆದು ಬಂದರು, ದಾರಿಯಲ್ಲಿ ಮೂರು ಸಲ ಮೂಗು ಮುಚ್ಚಿಕೊಂಡರು. ಮರುದಿನ ನನ್ನ ಕೈಗೆ ಒಂದು ಹಾಳೆ ಬಂತು. ಮಹಾಕವಿಯ ಪದ್ಯ ಜೋಡಿಸುವ ಭಾಗ್ಯ ಸಿಕ್ಕಿತಲ್ಲ ಎಂದು ನಾನು ಕೈತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ನಿಂತೆ. ಹಾಳೆಯ ನೆತ್ತಿಯ ಮೇಲೆ ಬರೆದಿತ್ತು: "ನಮ್ಮ ಬಜಾರಿನ ಚರಂಡಿ."

ಸಾವ್ಕಾರ್ರು ಓದಿ ಬೆವರಿದರು.

"ಇದೇನ್ರೀ ಕವಿಗಳ?"

"ಚರಂಡಿ."

"ಅದು ಗೊತ್ತೈತ್ರಿ, ಮೂಗು ನನಗೂ ಐತಿ. ಪದ್ಯ ಎಲ್ಲೈತಿ?"

"ಪದ್ಯ ಪುಸ್ತಕಕ್ಕೆ. ಪತ್ರಿಕೆಗೆ ಊರು" ಎಂದು ಕವಿಗಳು ನಶ್ಯ ಏರಿಸಿದರು.

ಅಂದಿನಿಂದ ವಾರಕ್ಕೆ ಮೂರು ಲೇಖನ. ಒಂದು ಆರೋಗ್ಯದ ಮೇಲೆ, ಒಂದು ಪುಸ್ತಕದ ಮೇಲೆ, ಒಂದು ಊರಿನ ಮೇಲೆ. ನಾಲ್ಕು ತಿಂಗಳು ಸಾವ್ಕಾರ್ರು ಹಲ್ಲು ಕಚ್ಚಿಕೊಂಡು ಸಹಿಸಿದರು. ಬಳ್ಳಾರಿಯ ನೆಂಟರು "ಕವಿಯನ್ನ ತಂದು ಸೊಳ್ಳಿ ಬಗ್ಗೆ ಬರೆಸ್ತಾನ" ಎಂದು ಆಡಿಕೊಂಡ ಮೇಲೆ ತಡೆಯಲಾಗಲಿಲ್ಲ.

"ಕವಿಗಳ, ನಿಮ್ಮ ಬರವಣಿಗಿಂದ ಊರಾಗ ಒಂದು ಕಡ್ಡಿ ಅಲ್ಲಾಡೈತೇನು? ಬಜಾರದ ತುದೀಗೆ ವಾಚನಾಲಯ ಐತಲ್ಲ, ಮೂರು ವರ್ಷ ಆತು ಬೀಗ ಬಿದ್ದು. ಉಗಾದಿ ಒಳಗ ಅದನ್ನ ತೆಗಸ್ರಿ. ತೆಗಸಿದ್ರ ನಿಮ್ಮ ಮನಸಿಗೆ ಬಂದದ್ದು ಬರೀರಿ, ನಾ ತುಟಿ ಪಿಟಕ್ ಅನ್ನಂಗಿಲ್ಲ. ಆಗಲಿಲ್ಲಂದ್ರ ಬರೇ ಪದ್ಯ."

"ಆಗಲಿಲ್ಲವೆಂದರೆ ನಾನು ಯುಗಾದಿಯ ದಿನವೇ ರೈಲು ಹತ್ತುತ್ತೇನೆ" ಎಂದರು ಕವಿಗಳು.

ಅಷ್ಟರಲ್ಲಿ ನನಗೆ ಆ ಮನುಷ್ಯನ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಇಪ್ಪತ್ತು ವರ್ಷ ಲಗ್ನಪತ್ರಿಕೆಯ "ಸಕುಟುಂಬ ಪರಿವಾರ ಸಮೇತ" ಜೋಡಿಸಿ ಜೋಡಿಸಿ ಸತ್ತಿದ್ದ ಕೈಗೆ ಓದುವಂಥದ್ದು ಸಿಕ್ಕಿದ್ದೇ ಆಗ. ಒಳಗೆ ಅಳು, ಬಾಯಲ್ಲಿ ಮಾತ್ರ ಕೇಳಿದೆ: "ಹಂಗಾದ್ರ ಈ ವಾರ ಚರಂಡಿ ಎಷ್ಟನೇ ಭಾಗರೀ?"

"ಏಳನೆಯದು" ಎಂದರು. "ಇನ್ನೂ ಬಜಾರು ದಾಟಿಲ್ಲ."

೨. ನೆಗಡಿಯ ಮೊದಲರ್ಧ

ಇದರಲ್ಲಿ ತಪ್ಪು ನನ್ನದೇ. ಒಪ್ಪಿಕೊಳ್ಳುತ್ತೇನೆ, ಆದರೆ ಬೈಯಬೇಡಿ.

ಕವಿಗಳು ನೆಗಡಿಯ ಮೇಲೆ ಬರೆದಿದ್ದರು. ಅವರ ರೀತಿ ಹೇಗೆಂದರೆ, ಲೇಖನದ ಮೊದಲರ್ಧದಲ್ಲಿ ಅಳಲೇಕಾಯಿ ಪಂಡಿತನ ಧಾಟಿಯಲ್ಲಿ ಗಂಭೀರವಾಗಿ ಮಾತಾಡುವುದು. ಎರಡನೆಯರ್ಧದಲ್ಲಿ ಅವನನ್ನು ಹಿಡಿದು ಜಾಡಿಸುವುದು. ಅರ್ಧ ಜೋಡಿಸಿದ್ದೆ, ಆಗ ನಾಟಕ ಕಂಪನಿಯವರು ಓಡೋಡಿ ಬಂದು "ನಾಳೆ ಖೇಲ್ ಐತಿ, ಜಾಹಿರಾತು ಜಲ್ದಿ ಹಾಕ್ರಿ" ಎಂದರು. ಜಾಗ ಬೇಕಲ್ಲ? ನೆಗಡಿಯನ್ನು ನಡುವಿಗೆ ಕಡಿದು "ಉಳಿದದ್ದು ಮುಂದಿನ ವಾರ" ಎಂದು ಕೂಡಿಸಿದೆ.

ಕಂಪ್ಲಿಯ ಕಡೆ ನಮ್ಮ ಪತ್ರಿಕೆ ಒಂದು ಕೇರಿಗೆ ಒಂದೇ ಹೋಗುತ್ತಿತ್ತು. ಮೇಷ್ಟ್ರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಓದುವುದು, ಮಂದಿ ಕೇಳುವುದು. ಮೇಷ್ಟ್ರು ಓದಿದ್ದು ಇಷ್ಟು: ನೆಗಡಿಗೆ ನೆತ್ತಿಗೆ ಹರಳೆಣ್ಣೆ, ಕಿವಿಗೆ ಬೆಳ್ಳುಳ್ಳಿ, ಮೈಗೆ ಎರಡು ಕಂಬಳಿ, ಕಿಟಕಿ ಬಾಗಿಲು ಬಂದ್, ಮೂರು ದಿನ ಸ್ನಾನ ಬಂದ್.

ಮುಂದಿನ ಶನಿವಾರ ಒಂದು ಗಾಡಿ ಪ್ರೆಸ್ಸಿನ ಮುಂದೆ ನಿಂತಿತು. ಕಬ್ಬು ಬೆಳೆಯುವ ಹಿರಿಯರೊಬ್ಬರು ಇಳಿದರು. ಬರುವ ಮೊದಲೇ ಅವರ ವಾಸನೆ ಬಂತು. ಕಿವಿಯಲ್ಲಿ ಇನ್ನೂ ಬೆಳ್ಳುಳ್ಳಿ.

"ಕವಿಗಳು ಯಾರ್ರಿ?"

ಕವಿಗಳು ನನ್ನ ಕಡೆ ಕೊಲ್ಲುವಂತೆ ನೋಡಿ ಎದ್ದು ನಿಂತರು. ಹಿರಿಯರು ಸೀದಾ ಬಂದು ಕಾಲು ಮುಟ್ಟಿದರು.

"ಮೂರೇ ದಿನಕ್ಕ ಹೋತ್ರಿ! ನಮ್ಮ ಕೇರ್ಯಾಗ ಹನ್ನೊಂದು ಮಂದಿಗೆ ಹೋತು!"

"ಅಯ್ಯೋ, ನೆಗಡಿ ಮೂರು ದಿನಕ್ಕೆ ತಾನೇ ಹೋಗುತ್ತದೆ ಯಜಮಾನರೇ! ನಾನು ಅದನ್ನೆಲ್ಲ ಮಾಡಬೇಡಿ ಎಂದು ಬರೆದದ್ದು. ತಗೊಳ್ಳಿ, ಇವತ್ತಿನ ಪತ್ರಿಕೆಯಲ್ಲಿ ಉಳಿದರ್ಧ ಇದೆ, ಓದಿ."

ಹಿರಿಯರು ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ್ರಿ ಬ್ಯಾಡ್ರಿ, ಉಳಿದದ್ದು ಕೊಡಬ್ಯಾಡ್ರಿ. ಅರ್ಧಕ್ಕೇ ಗುಣ ಆಗೈತಿ. ಪೂರಾ ಕೇಳಿದ್ರ ಏನಾಕ್ಕೈತೋ ಏನೋ!"

೩. ಕಿಟಕಿಯಲ್ಲಿ ಓದು

ವಾಚನಾಲಯದ ಸಂಗತಿ ಹೀಗೆ. ಯಾರೋ ಪುಣ್ಯಾತ್ಮರು ನಾಲ್ಕು ಕಪಾಟು ತುಂಬ ಪುಸ್ತಕ ದಾನ ಕೊಟ್ಟಿದ್ದರು. ಅದಕ್ಕೊಂದು ಕಮಿಟಿ, ಕಮಿಟಿಗೊಬ್ಬರು ಪ್ರೆಸಿಡೆಂಟರು. ಅವರು ಉದ್ಘಾಟನೆಯ ದಿನ ಭಾಷಣ ಮಾಡಿ, ಸಂಜೆ ಬೀಗ ಹಾಕಿ, ಬೀಗದಕೈಯನ್ನು ಉಡದಾರಕ್ಕೆ ಕಟ್ಟಿಕೊಂಡವರು ಮತ್ತೆ ಬಿಚ್ಚಿರಲಿಲ್ಲ. ಕೇಳಿದರೆ, "ಮಂದಿ ಒಳಗ ಬಂದ್ರ ಪುಸ್ತಕ ಹೊಲಸಾಗ್ತಾವ್ರಿ" ಎನ್ನುತ್ತಿದ್ದರು.

ಕವಿಗಳು ವಾಚನಾಲಯದ ಕಿಟಕಿಯ ಸರಳು ಹಿಡಿದು ನಿಂತು, ಕಣ್ಣಿಗೆ ಕಂಡಷ್ಟರ ವಿಮರ್ಶೆ ಬರೆಯತೊಡಗಿದರು. "ಈ ವಾರದ ಪುಸ್ತಕ: ಎಡಗಡೆಯ ಕಪಾಟು, ಎರಡನೆಯ ಸಾಲು, ಕೆಂಪು ರಟ್ಟು. ಹೆಸರು ಧೂಳಿನಡಿ ಇದೆ. ಗೆದ್ದಲು ಮೊದಲ ಅಧ್ಯಾಯ ಮುಗಿಸಿ ಎರಡನೆಯದಕ್ಕೆ ಬಂದಿರುವುದರಿಂದ, ಕಥೆ ಚೆನ್ನಾಗಿರಬೇಕು."

ಆಹಾ, ಊರಿಗೆ ಹುಚ್ಚು ಹಿಡಿಯಿತು! ಸಂಜೆಯಾದರೆ ಕಿಟಕಿಯ ಮುಂದೆ ಸಾಲು. ಕೆಂಪು ರಟ್ಟು ಯಾವುದು, ಗೆದ್ದಲು ಎಲ್ಲಿಗೆ ಬಂತು ಎಂದು ವಿಚಾರಿಸುವವರೇ ಎಲ್ಲ. ಹಂಪಿಯಿಂದ ಪೂಜಾರರೊಬ್ಬರು ದುರ್ಬೀನನ್ನೇ ತಂದರು. ಅವಶೇಷ ನೋಡಲು ಬಂದ ಯಾವನೋ ಇಂಗ್ಲಿಷ್ ದೊರೆ ಮರೆತುಹೋದದ್ದಂತೆ. ಒಳಗೆ ಮೇಜಿನ ಮೇಲೆ ಒಂದು ದಪ್ಪ ಗ್ರಂಥ ಬಿಚ್ಚಿಕೊಂಡು ಬಿದ್ದಿತ್ತು. ಪೂಜಾರರು ದುರ್ಬೀನು ಸರಳಿಗೊತ್ತಿ ಓದಿಯೇ ಓದಿದರು.

ನಾಲ್ಕನೆಯ ದಿನ ಪ್ರೆಸ್ಸಿಗೆ ಬಂದು ಕೂಗಾಡಿದರು: "ಇದೆಂಥ ಅನ್ಯಾಯ ಸ್ವಾಮಿ! ನಾಲ್ಕು ದಿನದಿಂದ ಬರಾಕ ಹತ್ತೀನಿ, ಅವೇ ಎರಡು ಪುಟ! ಯಾರಾದ್ರೂ ಒಳಗ ಹೋಗಿ ಒಂದು ಹಾಳಿ ಮಗುಚ್ರಿ!"

ಇದರಿಂದಲಾದರೂ ಪ್ರೆಸಿಡೆಂಟರಿಗೆ ನಾಚಿಕೆಯಾದೀತೆಂದು ನಾವು ಕಾದೆವು. ಅವರು ಒಂದು ಸಂಜೆ ಬಂದು, ಕಿಟಕಿಯ ಮುಂದಿನ ಸಾಲನ್ನು ಕಣ್ಣುತುಂಬ ನೋಡಿ, ಸಂತೋಷದಿಂದ ಹೇಳಿದರು: "ನೋಡ್ರಿ, ಬೀಗ ತೆಗೀಲಾರದನ ವಾಚನಾಲಯ ಎಷ್ಟು ಛಂದ ನಡದೈತಿ!"

೪. ಸೊಂಟದ ಕಬ್ಬಿಣ

ಯುಗಾದಿಗೆ ಎರಡೇ ವಾರ ಉಳಿದಿತ್ತು. ಕವಿಗಳು ಟ್ರಂಕನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟದ್ದನ್ನು ನೋಡಿ ಅವರ ಮುಂದೆ ಹೋಗಿ ನಿಂತೆ. "ಪ್ರೆಸಿಡೆಂಟರ ಹೆಸರು ಹಾಕಿ ಬರೀರಿ" ಎಂದೆ. ಸಾವ್ಕಾರ್ರು ಹೌಹಾರಿದರು: "ಬ್ಯಾಡಪ್ಪೋ, ಅವರು ನಮ್ಮ ಓಣಿಯವರು!"

ಸರಿ, ಕವಿಗಳು ಹೆಸರಿಲ್ಲದೆ, ಆರೋಗ್ಯದ ಅಂಕಣದಲ್ಲೇ ಬರೆದರು, ಭರ್ತಿ ಎರಡು ಕಾಲಂ. ಉಡದಾರಕ್ಕೆ ಬೀಗದಕೈ ಕಟ್ಟಿಕೊಳ್ಳುವುದು ಮೈಗೆ ಒಳ್ಳೆಯದಲ್ಲ. ಕಬ್ಬಿಣ ಸೊಂಟ ಒತ್ತುತ್ತದೆ, ಹಸಿವು ಕೆಡುತ್ತದೆ, ಮಗ್ಗುಲಾದರೆ ಚುಚ್ಚುತ್ತದೆ. ಅದು ಸಾರ್ವಜನಿಕರ ಬೀಗದಕೈಯಾಗಿದ್ದರಂತೂ ಊರವರ ನಿಟ್ಟುಸಿರೂ ಸೇರಿ ಭಾರ ಹೆಚ್ಚುತ್ತದೆ. ನಮ್ಮಲ್ಲಿ ಒಬ್ಬ ಹಿರಿಯರು ಬಹುಕಾಲದಿಂದ ಈ ರೋಗದಿಂದ ನರಳುತ್ತಿದ್ದಾರೆ.

ಸೋಮವಾರ ಬೆಳಿಗ್ಗೆ ಮೊದಲು ಬಂದವರು ಧರ್ಮಶಾಲೆಯ ಮೇಲ್ವಿಚಾರಕ ಮುದುಕರು. "ಇಷ್ಟು ಮಂದ್ಯಾಗ ನನ್ನ ಮಾನ ತೆಗೀಬೇಕಿತ್ತೇನ್ರಿ? ಹಿಂದಿನ ಎರಡು ಖೋಲಿ ಬೀಗ ತಗದೀನಿ. ಹೋಗಿ ನೋಡ್ರಿ ಬೇಕಾದ್ರ!" ಎಂದು ಕಣ್ಣೀರು ಹಾಕಿದರು. ಕವಿಗಳು ಬಾಯಿ ತೆರೆಯುವಷ್ಟರಲ್ಲಿ ಗಾದಿಗನೂರಿನ ಗೌಡರು ಬಂದರು. ಸಾಲೆಯ ಕಪಾಟಿನ ಬೀಗದಕೈ ಮೇಜಿನ ಮೇಲೆ ಕುಕ್ಕಿದರು. "ಯಾರು ಚಾಡಿ ಹೇಳಿದ್ರು ಅಂಬೋದು ನಂಗ ಗೊತ್ತೈತಿ!" ಮಧ್ಯಾಹ್ನ ಕುಡಿಯುವ ನೀರಿನ ಬಾವಿಯ ಬಾಗಿಲಿನವರು. ಸಂಜೆ ಭಜನೆ ಮನೆಯವರು. ತಾಳ, ತಬಲಾ ಎಲ್ಲ ಹೊರಗೆ ಬಂದವು. ಸಂಡೂರಿನಿಂದ ಒಂದು ಕಾಗದ: "ನಮ್ಮದು ಬೇರೆ ಸಂಸ್ಥಾನ. ಬ್ರಿಟಿಷ್ ಸೀಮೆಯ ಈ ರೋಗ ಇಲ್ಲಿಯ ಬೀಗದಕೈಗಳಿಗೂ ತಗಲುವುದೋ ಹೇಗೆ? ಕೂಡಲೇ ತಿಳಿಸಿರಿ. ಆಗಲೇ ಸೊಂಟ ನೋಯುತ್ತಿದೆ."

ವಾರದೊಳಗೆ ಏಳು ಬೀಗ ತೆರೆದವು. ಕವಿಗಳು ಒಬ್ಬೊಬ್ಬರಿಗೂ ಕೈಮುಗಿದು "ತಮ್ಮ ಬಗ್ಗೆ ಅಲ್ಲ" ಎಂದು ಹೇಳಿದರೂ ಒಬ್ಬರೂ ನಂಬಲಿಲ್ಲ.

ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಗುವಾಗ ಸೊಂಟಕ್ಕೆ ಏನೋ ಚುಚ್ಚಿತು. ಮುಟ್ಟಿ ನೋಡಿಕೊಂಡರೆ ಪ್ರೆಸ್ಸಿನ ಹಿತ್ತಲ ಪಾಯಿಖಾನೆಯ ಬೀಗದಕೈ! ಮಂದಿ ಹೊಲಸು ಮಾಡುತ್ತಾರೆಂದು ನಾನೊಬ್ಬನೇ ಇಟ್ಟುಕೊಂಡಿದ್ದೆ. ಪಾಪ, ಆ ಮಹಾಕವಿ ಬಂದಾಗಿನಿಂದ ದಿನಾ ಬೆಳಿಗ್ಗೆ ಚೊಂಬು ಹಿಡಿದು ಕಾಲುವೆಯ ಆಚೆ ಒಂದು ಮೈಲಿ ಹೋಗಿಬರುತ್ತಿದ್ದರು. ಓಡಿಹೋಗಿ ಬೀಗ ತೆಗೆದೆ. ಎಂಟು.

೫. ಪ್ರೆಸಿಡೆಂಟರ ಸಿಟ್ಟು

ಎಂಟು ಬೀಗ ತೆಗೆದರೇನು, ಬೇಕಾದ ಒಂದು ಹಾಗೇ ಇತ್ತು. ಯುಗಾದಿ ಭಾನುವಾರ. ಬುಧವಾರ ಸಾವ್ಕಾರ್ರು ಬಂದು, ತಲೆ ಎತ್ತದೆಯೇ, "ಏನ್ ಮಾಡೋದ್ರಿ ಕವಿಗಳ, ಮಾತು ಮಾತೇ" ಎಂದರು. ಕವಿಗಳು "ನ್ಯಾಯ" ಎಂದರು. ನಾನು ಮೊಳೆಯ ಕೇಸಿಗೆ ಮುಖ ಹಾಕಿ ನಿಂತುಕೊಂಡೆ, ಯಾರೂ ನನ್ನ ಕಣ್ಣು ನೋಡದಿರಲಿ ಎಂದು.

ಆಗ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದಾಯಿತು. ಪ್ರೆಸಿಡೆಂಟರು! ಮುಖ ಕೆಂಡ.

"ಬರ್ರಿ, ಕುಂದ್ರಿ" ಎಂದು ಸಾವ್ಕಾರ್ರು ತಾವೇ ಕುರ್ಚಿ ಎಳೆದರು.

"ಕುಂದ್ರಾಕ ಬಂದಿಲ್ಲ! ಎಲ್ಲಿ ನಿಮ್ಮ ಕವಿ? ಅಲ್ರೀ, ಧರ್ಮಶಾಲಿ ಮುದುಕನ ಬಗ್ಗೆ ಬರೀತೀರಿ, ಗಾದಿಗನೂರು ಗೌಡನ ಬಗ್ಗೆ ಬರೀತೀರಿ. ಕಂಡಕಂಡವರು 'ಪೇಪರಿನ್ಯಾಗ ನನ್ನ ಬಗ್ಗೆ ಬಂದೈತಿ' ಅಂತ ಎದಿ ಉಬ್ಬಿಸ್ಕಂಡು ಅಡ್ಡಾಡಾಕ ಹತ್ಯಾರ. ನಾನು ಮೂರು ಕಮಿಟಿಗೆ ಪ್ರೆಸಿಡೆಂಟ. ನನ್ನ ಬಗ್ಗೆ ಒಂದು ಸಾಲಾದ್ರೂ ಬರದೀರೇನ್ರಿ?"

ಕವಿಗಳು ನಶ್ಯದ ಡಬ್ಬಿ ಮುಚ್ಚಿಟ್ಟರು. "ಸ್ವಾಮಿ, ಆ ಲೇಖನ ಬರೆದದ್ದೇ ತಮ್ಮ ಬಗ್ಗೆ."

"ಯಾವುದು?"

"ಬೀಗದಕೈದು."

"ಎಷ್ಟು?"

"ಪೂರ್ತಿ."

"ಎರಡೂ ಕಾಲಂ?"

"ಎರಡೂ ಕಾಲಂ."

ಪ್ರೆಸಿಡೆಂಟರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಮುಖದ ಕೆಂಪು ಇಳಿದು ಕಳೆ ಏರಿತು. "ಒಂದು ಸಲ ಓದ್ರಿ, ಕೇಳೋಣು" ಎಂದರು. ಕವಿಗಳು ಓದಿದರು. ಊರವರ ನಿಟ್ಟುಸಿರು ಬಂದಾಗ ಪ್ರೆಸಿಡೆಂಟರು ಕಣ್ಣುಮುಚ್ಚಿ ತಲೆದೂಗಿ, "ಭಾಳ ಮಸ್ತ್ ಬರದೀರಿ. ಆದ್ರ ಹೆಸರೇ ಇಲ್ಲಲ್ರಿ?" ಎಂದರು.

"ಹೆಸರು ಬೀಗ ತೆರೆದ ಮೇಲೆ ಬರುತ್ತದೆ."

"ಎಷ್ಟು ದಪ್ಪ?"

ಕವಿಗಳು ನನ್ನ ಕಡೆ ನೋಡಿದರು. ನಾನು ಬಿಡುತ್ತೇನೆಯೇ! ನಾಟಕದ ಪೋಸ್ಟರಿಗೆ ಇಟ್ಟಿದ್ದ ಅಂಗೈಯಗಲದ ಮರದ ಅಕ್ಷರಗಳನ್ನು ತಂದು ಸಾಲಾಗಿ ಜೋಡಿಸಿ ತೋರಿಸಿದೆ. ಅವರು ಅವನ್ನು ಎಳೆಗೂಸಿನಂತೆ ಸವರಿದರು.

"ಪೇಪರ್ ಯಾವಾಗ?"

"ಶನಿವಾರ."

"ಶುಕ್ರವಾರ ತೆಗೀತೀನಿ."

ತೆಗೆದರು! ಶುಕ್ರವಾರ ಬೆಳಿಗ್ಗೆ, ಊರೇ ನೋಡುತ್ತಿರುವಾಗ, ಪಂಚೆ ಸರಿಸಿ ಉಡದಾರದಿಂದ ಬೀಗದಕೈ ಬಿಚ್ಚಿ ಬೀಗ ತೆಗೆದರು. ಮಂದಿ ಒಳಗೆ ನುಗ್ಗಿದ ರಭಸಕ್ಕೆ ಧೂಳು ಎದ್ದು ಬಜಾರೆಲ್ಲ ಸೀನಿತು. ಸಾವ್ಕಾರ್ರು ಕವಿಗಳ ಕೈ ಹಿಡಿದು, "ಚರಂಡಿ ಎಂಟನೇ ಭಾಗ ಬರೀರಿ ನೀವು, ನೆಂಟರಿಗೆ ನಾ ಹೇಳ್ಕೋತೀನಿ" ಎಂದರು. ನಾನು ಅಷ್ಟು ಜನರ ನಡುವೆ ನಿಂತು ಗೊಳೋ ಎಂದು ಅತ್ತುಬಿಟ್ಟೆ. ಧೂಳು ಎಂದು ಸುಳ್ಳು ಹೇಳಿದೆ. ಗೆದ್ದಿದ್ದೆವು ನೋಡ್ರಿ, ಗೆದ್ದಿದ್ದೆವು!

ಇಷ್ಟರಲ್ಲಿ ಪ್ರೆಸಿಡೆಂಟರು ಮೇಜು ಹತ್ತಿ ಭಾಷಣಕ್ಕೆ ನಿಂತರು.

"ಮಹಾಜನರೇ! ಮೂರು ವರ್ಷ, ಮೂರು ವರ್ಷ ಈ ಜ್ಞಾನಮಂದಿರಕ್ಕ ಒಬ್ಬ ಪಾಪಿ ಬೀಗ ಹಾಕಿದ್ದ! ಮೊನ್ನೆ ಪೇಪರ್ ಓದಿದೆ. ನನ್ನ ರಕ್ತ ಕುದೀತು. ಇನ್ನ ಸುಮ್ಮನಿದ್ರ ಆಗಂಗಿಲ್ಲ ಅಂತ ಅವನ ಸೊಂಟದಿಂದ ಬೀಗದಕೈ ಕಿತ್ಕಂಡು ತಂದು, ಇವತ್ತು ನಿಮ್ಮ ಕೈಗೆ ಕೊಟ್ಟೀನಿ!"

ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ನಮ್ಮ ಕವಿಗಳು.

ಹಿಂದಿನಿಂದ ಯಾರೋ ನಗು ತಡೆದುಕೊಂಡು ಕೂಗಿದರು: "ಆ ಪಾಪಿ ಯಾರ್ರಿ? ಹೆಸರು ಹೇಳ್ರಿ!"

ಪ್ರೆಸಿಡೆಂಟರು ಎರಡೂ ಕೈ ಎತ್ತಿ ಜನರನ್ನು ಸುಮ್ಮನಾಗಿಸಿ, ಕರುಣೆಯಿಂದ ಹೇಳಿದರು: "ಹೋಗ್ಲಿ ಬಿಡ್ರಿ ಪಾಪ, ಅವರೂ ದೊಡ್ಡ ಮನುಷ್ಯಾರು. ಮರ್ಯಾದಿ ಪ್ರಶ್ನಿ."