ಪಾತ್ರೆ ತೊಳೆದ ಕಾವಲು ದೂತ

ಕಾವಲು ದೂತನ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಅವನ ಹಬ್ಬಕ್ಕೆ ಇನ್ನೊಂದೇ ದಿನ ಇರುವಾಗ. ಪಾಪವೆಂದು ಗೊತ್ತಿತ್ತು. ಆದರೂ ಹುಟ್ಟಿತು.

ಪ್ರತಿಯೊಬ್ಬರ ಬೆನ್ನ ಹಿಂದೆಯೂ ಒಬ್ಬ ದೂತ ನಿಂತಿರುತ್ತಾನೆ, ಕಣ್ಣಿಗೆ ಕಾಣದೆ ನಮಗಾಗಿ ದುಡಿಯುತ್ತಾನೆ ಎಂದು ವಾರವಿಡೀ ತನ್ನಿಬ್ಬರು ಮಕ್ಕಳಿಗೆ ಹೇಳಿಕೊಟ್ಟವಳು ಅವಳೇ. ಅಂದಿನಿಂದ ಐದು ವರ್ಷದ ಮಗ ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟು ಕೂರುತ್ತಿದ್ದ; ಬಾಗಿಲು ದಾಟಿದ ಮೇಲೆ ಅದನ್ನು ಒಂದು ಕ್ಷಣ ಹಿಡಿದು ನಿಲ್ಲುತ್ತಿದ್ದ. (ಮಗು ಹಾಗೆ ಖಾಲಿ ಬಾಗಿಲು ಹಿಡಿದು ನಿಂತರೆ, ಬರುವವರಿಗೆ ದಾರಿ ಬಿಡಲು ನೀವೂ ಪಕ್ಕಕ್ಕೆ ಸರಿಯುತ್ತೀರಿ. ಅವಳೂ ಸರಿದಿದ್ದಳು.)

ಎಂಟು ವರ್ಷದ ಮಗಳು ಹಬ್ಬದ ದಿನ ಚರ್ಚಿನಲ್ಲಿ ಓದಬೇಕಾದ ಪ್ರಾರ್ಥನೆಯನ್ನು ಬರೆದು ತಂದಳು: "ನನ್ನ ಕಾವಲು ದೂತನೇ, ದಿನವೂ ಯೂನಿಫಾರ್ಮ್ ಇಸ್ತ್ರಿ ಮಾಡಿಡುವುದಕ್ಕೆ, ಊಟದ ಡಬ್ಬಿ ತುಂಬಿಡುವುದಕ್ಕೆ, ಕಳೆದುಹೋದ ಸಾಕ್ಸ್ ಹುಡುಕಿಕೊಡುವುದಕ್ಕೆ ನಿನಗೆ ವಂದನೆ."

"ಇದನ್ನೆಲ್ಲ ದೂತ ಮಾಡ್ತಾನೆ ಅಂತ ಯಾರೇ ಹೇಳಿದ್ದು?"

"ನೀನೇ. ಕಾಣದ ಹಾಗೆ ಕೆಲಸ ಮಾಡ್ತಾನೆ ಅಂದ್ಯಲ್ಲ. ನಾನು ಏಳೋ ಹೊತ್ತಿಗೆ ಎಲ್ಲ ಆಗಿರುತ್ತೆ. ಮಾಡೋದನ್ನ ನಾನಂತೂ ನೋಡಿಲ್ಲ."

ಪೇಪರಿನ ಹಿಂದಿನಿಂದ ಗಂಡ, ಚೆನ್ನಾಗಿ ಬರೆದಿದ್ದಾಳೆ, ತಿದ್ದಬೇಡ ಎಂದ.

ತನ್ನ ಎಂಟು ವರ್ಷಗಳ ಬೆವರು ಚರ್ಚು ತುಂಬಿದ ಜನರೆದುರು ರೆಕ್ಕೆಯವನೊಬ್ಬನ ಪಾಲಾಗುವುದನ್ನು ಅವಳು ಸಹಿಸಲಾರಳು. ಅಲ್ಲೇ ಮಹಾ ಮುಷ್ಕರ ಘೋಷಿಸಿದಳು. ಇವತ್ತು ಮಧ್ಯಾಹ್ನದ ಪಾತ್ರೆಗಳನ್ನು ತಾನು ಮುಟ್ಟುವುದಿಲ್ಲ. ದೂತ ತೊಳೆದರೆ ಪ್ರಾರ್ಥನೆ ಇದ್ದ ಹಾಗೇ ಇರಲಿ. ತೊಳೆಯದಿದ್ದರೆ ಅದರಲ್ಲಿ ಅಮ್ಮ ಬರಬೇಕು. ಮಗಳು ಒಪ್ಪಿದಳು.

ಸಿಂಕಿನಲ್ಲಿ ಪಾತ್ರೆಗಳ ಗುಡ್ಡ ಬಿಟ್ಟು ಬಂದು, ಶಿಲುಬೆಯ ಕೆಳಗೆ ಮೇಣದ ಬತ್ತಿ ಹಚ್ಚಿ, ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತಳು. ಶಿಲುಬೆಯ ಗುರುತು ಹಾಕಿ, ಐದು ನಿಮಿಷ ಕಣ್ಣು ಮುಚ್ಚಿ ದೂತನನ್ನು ನೆನೆಯೋಣ ಎಂದಳು. ನಸುಕಿಗೇ ಎದ್ದ ಕಣ್ಣುಗಳು. ಯಾರೂ ಕರೆಯದ ಐದು ನಿಮಿಷ ಅವಳಿಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ.

ಆಗ ಅಡುಗೆಮನೆಯಲ್ಲಿ ನಲ್ಲಿ ತಿರುಗಿದ ಸದ್ದಾಯಿತು.

ನೀರು ಬಿತ್ತು. ತಟ್ಟೆಗೆ ತಟ್ಟೆ ತಾಗಿತು. ಯಾರೋ ನಿಧಾನವಾಗಿ, ಒಂದೇ ಲಯದಲ್ಲಿ ಉಜ್ಜುತ್ತಿದ್ದರು. ಅವಳ ಮೈ ಜುಮ್ಮೆಂದಿತು. ಮಕ್ಕಳು ಪಕ್ಕದಲ್ಲೇ ಇದ್ದಾರೆ. ಗಂಡನೇ? (ಆ ನಲ್ಲಿ ಯಾವ ಕಡೆಗೆ ತಿರುಗುತ್ತದೆ ಎಂಬುದೇ ಅವನಿಗೆ ತಿಳಿಯದು.) ಕಣ್ಣು ಬಿಡಲು ನೋಡಿದಳು, ರೆಪ್ಪೆ ಮೇಲೇಳಲಿಲ್ಲ. ಬೆರಳುಗಳ ಮೇಲೆ ತಣ್ಣನೆಯದೇನೋ ಹರಿದು ಹೋಯಿತು.

ಕೊನೆಗೂ ಕಣ್ಣು ಬಿಟ್ಟಾಗ ಮೇಣದ ಬತ್ತಿ ಎರಡು ಬೆರಳಷ್ಟು ಕರಗಿತ್ತು. ಮಕ್ಕಳಿಬ್ಬರೂ ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿದ್ದರು.

ಅಡುಗೆಮನೆಗೆ ಓಡಿದಳು. ಸಿಂಕು ಖಾಲಿ. ದೊಡ್ಡ ತಟ್ಟೆಗೆ ಚಿಕ್ಕ ತಟ್ಟೆ ಒರಗಿತ್ತು, ಚಮಚಗಳು ತಲೆ ಕೆಳಗಾಗಿ ನಿಂತಿದ್ದವು. ಒರೆಸುವ ಬಟ್ಟೆ ಮೂರು ಮಡಿಕೆಯಾಗಿ ನಲ್ಲಿಯ ಮೇಲೆ ತೂಗುತ್ತಿತ್ತು. ಅದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿದ್ದ ಮಡಿಕೆ. ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ನಾಚಿ ದೂತನ ಕ್ಷಮೆ ಕೇಳಿದಳು.

"ಅಮ್ಮ," ಹಿಂದಿನಿಂದ ಮಗಳು ಮೆಲ್ಲಗೆ ಅಂದಳು, "ನಿನ್ನ ಕೈ ನೋಡ್ಕೋ."

ಉಡುಪಿನ ತೋಳು ಮೊಣಕೈವರೆಗೆ ಮಡಚಿಕೊಂಡಿತ್ತು. ಬೆರಳ ಸಂದಿಯಲ್ಲಿ ನೊರೆ ಇನ್ನೂ ಆರಿರಲಿಲ್ಲ.

"ಕಣ್ಣು ಮುಚ್ಕೊಂಡೇ ಎದ್ದು ಹೋದೆ, ಕಣ್ಣು ಮುಚ್ಕೊಂಡೇ ವಾಪಸ್ ಬಂದು ಕೂತೆ," ಎಂದ ಮಗ. "ಎಲ್ಲೂ ಡಿಕ್ಕಿ ಹೊಡೀಲಿಲ್ಲ."

"ನಾನೂ ನೋಡಿದೆ," ಎಂದ ಗಂಡ. "ನಿದ್ದೇಲಿ ನಡೆಯೋರನ್ನ ಎಬ್ಬಿಸಬಾರದಂತೆ. ನನ್ನ ಲೋಟ ಒಂದು ಉಳಿದಿತ್ತು, ಮೆಲ್ಲಗೆ ನಿನ್ನ ಕೈಗೆ ಕೊಟ್ಟೆ."

ಹೆದರಿಕೆ ಇಳಿದ ಮೇಲೆ ಅವಳಿಗೆ ಹೊಳೆಯಿತು: ಹಾಗಾದರೆ ದೂತ ತೊಳೆಯಲಿಲ್ಲ. ಗೆದ್ದದ್ದು ತಾನೇ.

ಮರುದಿನ ಚರ್ಚಿನಲ್ಲಿ ಮಗಳು ಗಂಟಲು ಸರಿಮಾಡಿಕೊಂಡು ಓದಿದಳು. ಕೊಟ್ಟ ಮಾತಿನಂತೆ ಅದರಲ್ಲಿ ಅಮ್ಮನಿದ್ದಳು: "ನನ್ನ ಕಾವಲು ದೂತನೇ, ನಮ್ಮಮ್ಮ ನಿದ್ದೆ ಹೋದಾಗಲೂ ಬಿಡದೆ, ಅವಳ ಕೈ ಹಿಡಿದು ಕೆಲಸ ಮಾಡಿಸುವುದಕ್ಕೆ ನಿನಗೆ ವಂದನೆ."

ಎಲ್ಲರೂ ಆಮೆನ್ ಎಂದರು. ಅವಳೂ ಕಣ್ಣು ಮುಚ್ಚಿ ಆಮೆನ್ ಎಂದಳು. ಕಣ್ಣು ಬಿಟ್ಟಾಗ ಇಡೀ ಸಾಲಿನವರ ಪ್ರಾರ್ಥನೆ ಪುಸ್ತಕಗಳು, ದೊಡ್ಡದು ಕೆಳಗೆ ಚಿಕ್ಕದು ಮೇಲೆ, ಅವಳ ಮಡಿಲಲ್ಲಿ ಅಂದವಾಗಿ ಜೋಡಣೆಯಾಗಿದ್ದವು.