ಭಾವನ ಗಿಡುಗಕ್ಕೆ ನಾನು ಬಡಿಸಿದ್ದು

ನಮ್ಮ ಭಾವನ ಮನೆಗೆ ಊಟಕ್ಕೆ ಹೋಗುವವರು ಒಂದು ತುತ್ತು ಉಂಡೇ ಹೋಗುವುದು ಒಳ್ಳೆಯದು! ಜಿಪುಣರೆಂದುಕೊಳ್ಳಬೇಡಿ. ಅಕ್ಕನ ಗಂಡ, ಅಮೆರಿಕದ ಸುವಾನಿಯಲ್ಲಿ ದೊಡ್ಡ ಮನೆ, ಸಾಫ್ಟ್‌ವೇರ್ ಕೆಲಸ. ಆದರೆ "ಇನ್ನೊಂದ್ಸ್ವಲ್ಪ ಹಾಕ್ಕೊಳ್ಳಿ" ಎಂಬ ಮಾತು ಮಾತ್ರ ಅವರ ಬಾಯಲ್ಲಿ ಬರುವುದಿಲ್ಲ. ಅದಕ್ಕೆ ಕಾರಣ ಅವರು ಸಾಕಿರುವ ಗಿಡುಗ.

ಹೌದು, ಗಿಡುಗ! ಪರೀಕ್ಷೆ ಬರೆದು, ಲೈಸೆನ್ಸ್ ತಗೊಂಡು, ಅದರ ಜೊತೆ ಮೊಲದ ಬೇಟೆಗೆ ಹೋಗುತ್ತಾರೆ. ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ಮನುಷ್ಯ! ಫ್ರೀಜರಿನಲ್ಲಿ ತೆಂಗಿನತುರಿ ಒಂದು ಕಡೆ, ಗಿಡುಗಕ್ಕೆ ಹಾಕುವ ಮಾಂಸ ಇನ್ನೊಂದು ಕಡೆ. ನಡುವೆ ಅಕ್ಕ ಬಟಾಣಿ ಪೊಟ್ಟಣಗಳ ಗೋಡೆ ಕಟ್ಟಿದ್ದಾಳೆ.

ಹೊಟ್ಟೆ ತುಂಬಿದ ಗಿಡುಗ ಕೈಗೆ ಮರಳುವುದಿಲ್ಲವಂತೆ. ಹಾಗಾಗಿ ಹಾರಿಸುವ ಮುಂಚೆ ದಿನಾ ತೂಗಬೇಕು. ತೂಗಿ ತೂಗಿ ಚಟ ಹತ್ತಿ, ಈಗ ತಮ್ಮ ಅನ್ನವನ್ನೂ ತೂಗುತ್ತಾರೆ, ನೆಂಟರನ್ನು ಕಣ್ಣಲ್ಲೇ ತೂಗುತ್ತಾರೆ. ನಾನು ಸೂಟ್‌ಕೇಸ್ ಕೆಳಗಿಡುವ ಮೊದಲೇ, "ಹೋದ್ಸಲಕ್ಕಿಂತ ಐದು ಪೌಂಡ್ ಜಾಸ್ತಿ ಆಗಿದ್ದೀಯಲ್ಲಮ್ಮಾ" ಅಂದರು.

"ನಿನಗೆ ಅಷ್ಟೇ. ನನ್ನನ್ನ ಊಟಕ್ಕೂ ಗಿಡುಗನ್ನ ಕರೆದ ಹಾಗೆ ವಿಷಲ್ ಹೊಡೆದೇ ಕರೀತಾರೆ" ಅಂದಳು ಅಕ್ಕ.

ಆ ಶನಿವಾರ ಬೆಳಿಗ್ಗೆ ಗಿಡುಗವನ್ನು ತೂಗಿಟ್ಟು ಭಾವ ಕಾರು ತೆಗೆಯಲು ಹೋದರು. ಅದು ನನ್ನನ್ನೇ ನೋಡಿತು. ಮನೆಯಿಂದ ಹೊರಡುವವರನ್ನು ಯಾರಾದರೂ ಹಸಿದ ಹೊಟ್ಟೆಯಲ್ಲಿ ಕಳಿಸುತ್ತಾರೆಯೇ? ಬಟ್ಟಲಲ್ಲಿದ್ದ ಮಾಂಸದ ತುಂಡೊಂದನ್ನು ಮೂಗು ಮುಚ್ಚಿಕೊಂಡು ಇಕ್ಕಳದಲ್ಲಿ ಕೊಟ್ಟೆ. ತಿಂದಿತು. ಇನ್ನೊಂದು? ಅದನ್ನೂ ತಿಂದಿತು. ಬೇಡವೆನ್ನದ ಅತಿಥಿ ಸಿಕ್ಕರೆ ಕೈ ನಿಲ್ಲುತ್ತದೆಯೇ!

ಭಾವನ ಜೊತೆ ನಾನೂ ಹೊರಟೆ. ಕಾಡಿನಲ್ಲಿ ಗಿಡುಗವನ್ನು ಬಿಟ್ಟದ್ದೇ ತಡ, ಪೈನ್ ಮರದ ತುದಿಗೆ ಹಾರಿ ಕೂತಿತು. ಭಾವ ವಿಷಲ್ ಹೊಡೆದರು, ಮಾಂಸ ತೋರಿಸಿದರು. ಊಹೂಂ. ಮಧ್ಯಾಹ್ನವಾಯಿತು, ಮೂರು ಗಂಟೆಯಾಯಿತು.

"ತೂಕ ಸರಿಯಾಗೇ ಇತ್ತಲ್ಲಾ... ಹೋದ್ರೆ ಮತ್ತೆ ಸಿಗಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಭಾವ, ಬೆಳಿಗ್ಗೆ ನಾನು ಅದಕ್ಕೆ ತಿನ್ನಿಸಿಬಿಟ್ಟೆ."

"ಎಷ್ಟು ತುಂಡು?"

"ನಾಲ್ಕು."

ಅವರು ಕತ್ತೆತ್ತಿ ಮರವನ್ನೇ ನೋಡುತ್ತಾ ನಿಂತರು. ಬೈದಿದ್ದರೆ ವಾಸಿಯಿತ್ತು.

ಹೊತ್ತು ಮುಳುಗುವ ಮುಂಚೆ ಅದರ ಕಾಲಿಗೆ ಕಟ್ಟಿದ್ದ ಗೆಜ್ಜೆಯ ಸದ್ದು ಕೇಳಿತು. ಗಿಡುಗ ನೇರ ಇಳಿದು ಬಂದು ಭಾವನ ಕೈಮೇಲೆ ಕೂತಿತು! "ಬಂದ್ಯಾ ತಾಯಿ" ಅಂದರು ಭಾವ, ಕಣ್ಣೊರೆಸಿಕೊಳ್ಳುತ್ತಾ.

ಇನ್ನು ಬೈಗುಳ ಎಂದು ಕಾರಿನ ಹತ್ತಿರ ತಲೆ ತಗ್ಗಿಸಿ ನಿಂತೆ. ಭಾವ ಅಕ್ಕ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ತೆಗೆದರು. "ಬೆಳಗ್ಗಿಂದ ನೀನೂ ಏನೂ ತಿಂದಿಲ್ಲ." ನಾನು ನಾಲ್ಕು ತುತ್ತು ತಿನ್ನುವಷ್ಟರಲ್ಲಿ, ತಮ್ಮ ಪಾಲನ್ನೂ ನನ್ನ ತಟ್ಟೆಗೆ ಸುರಿದರು.

"ಇನ್ನೊಂದ್ಸ್ವಲ್ಪ ಹಾಕ್ಕೋ" ಅಂದರು.