ಕುಬಸಕ್ಕೆ ಹೊರಟ ಚಾರ್ಜಿಂಗ್ ಕಾರು

ರಾಚೋಟಪ್ಪ ಕಾರಿನ ಮುಂದೆ ತೆಂಗಿನಕಾಯಿ ಒಡೆದು, ಕೈ ಒರೆಸಿಕೊಂಡು, ಗೇಟಿನ ಬಳಿ ನಿಂತ ಹೆಂಡತಿಯ ಕಡೆ ತಿರುಗಿ ನಕ್ಕ. ಆ ನಗು ಕಂಡರೆ ಸಾಕು, ಕಸ್ತೂರಿಬಾಯಿ ಮನೆದೇವರಿಗೆ ಹರಕೆ ಹೊರುತ್ತಿದ್ದಳು. ಮನೆಯ ಮಿಕ್ಸರಿಗೆ ನೀರೆತ್ತುವ ಮೋಟಾರು ಕೂಡಿಸಿದ ದಿನವೂ ಅವನು ಹೀಗೇ ನಕ್ಕಿದ್ದ. ಅವತ್ತು ಅರೆದ ಶೇಂಗಾ ಚಟ್ನಿ ಇವತ್ತಿಗೂ ಅಡುಗೆಮನೆಯ ಸೂರಿಗೇ ಅಂಟಿಕೊಂಡಿದೆ!

"ಇದರ ಹೆಸರು ಚಳಿಮಿತ್ರ!" ಎಂದು ಅವನು ಕಾರಿನೊಳಗೆ ಸ್ಟಿಯರಿಂಗಿನ ಪಕ್ಕ ಕೂರಿಸಿದ್ದ ತಗಡಿನ ಪೆಟ್ಟಿಗೆಯನ್ನು ತಟ್ಟಿದ. ಅದರಿಂದ ಹೊರಟ ನಾಲ್ಕು ಕೊಳವೆಗಳು ನಾಲ್ಕು ಟೈರುಗಳಿಗೆ ಹೋಗಿದ್ದವು. ಡಿಕ್ಕಿಯಲ್ಲಿ ಗಾಳಿ ತುಂಬುವ ಪಂಪು. ಸೀಟುಗಳ ಕೆಳಗೆ ತೂಕದ ತಟ್ಟೆಗಳು. ಸ್ಟಿಯರಿಂಗಿಗೆ ಹಳೆಯ ಲಾರಿಯ ವೈಪರ್ ಮೋಟಾರು.

"ಇದ್ಯಾಕ್ರಿ, ಸ್ಟಿಯರಿಂಗಿಗೆ ಮೋಟಾರು?"

"ನನಗ ತೂಕಡಿಕಿ ಬಂದ್ರ ಅದ ಗಾಡಿ ಹೊಡೀತೈತಿ. ಮಗಳ ಮನಿ ದಾರೀನೂ ಕಲಿಸೀನಿ."

ವಿಜಯಪುರದ ಗಾಂಧಿಚೌಕದ ಹಿಂದಿನ ಗಲ್ಲಿಯಲ್ಲಿ ಮೋಟಾರು ಸುತ್ತುವ ಅಂಗಡಿ ಇಟ್ಟುಕೊಂಡ ರಾಚೋಟಪ್ಪನಿಗೆ ಗಿರಾಕಿಗಳ ಮೋಟಾರಿಗಿಂತ ಸ್ವಂತ ತಲೆ ಸುತ್ತುವುದರಲ್ಲೇ ಹೆಚ್ಚು ಆಸಕ್ತಿ. ಹೋದ ವರ್ಷ ಯಾರೋ ಓಡಿಸಿ ಬಿಟ್ಟ ಚಾರ್ಜಿಂಗ್ ಕಾರೊಂದನ್ನು ಕೊಂಡಿದ್ದ. ಬೇಸಿಗೆಯಲ್ಲಿ ಅದು ರಾಜಕುಮಾರನ ಹಾಗೆ ಓಡಿತು. ಜನವರಿಯ ಚಳಿ ಬಿತ್ತೋ ಇಲ್ಲವೋ, ಮುಲುಗತೊಡಗಿತು.

"ಚಳಿಗೆ ಗಾಳಿ ಮುದುಡಿಕೊಳ್ತೈತಿ," ಎಂದು ಅವನು ಪಾಠ ಶುರುಮಾಡಿದ. "ಟೈರು ಮೆತ್ತಗಾಗಿ ರಸ್ತಾಕ್ಕ ಅಂಟಿಕೊಂಡು ಎಳೀತೈತಿ. ಮ್ಯಾಲಿಂದ ಬ್ಯಾಟರಿಗೂ ಜಡ ಹಿಡೀತೈತಿ. ಬ್ಯಾಸಿಗ್ಯಾಗ ಕಲಬುರ್ಗಿ ದಾಟಿ ಹೋಗೂ ಗಾಡಿ ಈಗ ಜೇವರ್ಗಿ ಹತ್ರಾನ ಕೈ ಎತ್ತತೈತಿ!"

"ಹಂಗಿದ್ರ ಬಸ್ಸಿಗೆ ಹೋಗೂಣು ನಡೀರಿ."

"ಬಸ್ಸಿಗೇನು ಚಳಿಮಿತ್ರ ಐತೇನು?"

ಆಗ ಪೆಟ್ಟಿಗೆ ಒಮ್ಮೆ ಕೆಮ್ಮಿ, ಬಾಯಿ ಬಿಟ್ಟಿತು. "ಎಷ್ಟೊತ್ತು ನಿಂದರತೀರಿ? ಹತ್ತರಿ ಲಗೂನ!"

ಕಸ್ತೂರಿಬಾಯಿ ಬೆಚ್ಚಿಬಿದ್ದಳು. ಅದು ಅವಳದೇ ದನಿ!

"ನೀ ಫೋನಿನ್ಯಾಗ ನನಗ ಕಳಿಸಿದ ವಾಯ್ಸ್ ಮೆಸೇಜ್ ಎಲ್ಲಾ ಕೂಡಿಸಿ ಮಾತು ಕಲಿಸೀನಿ," ಎಂದ ರಾಚೋಟಪ್ಪ ಹೆಮ್ಮೆಯಿಂದ. "ಬ್ಯಾರೆ ಯಾರದೂ ಇಷ್ಟು ಸ್ಟಾಕ್ ಸಿಗಲಿಲ್ಲ."

ಜಗಳ ತೆಗೆಯಲು ಅದು ಹೊತ್ತಲ್ಲ. ಕಲಬುರ್ಗಿಗೆ ಕೊಟ್ಟ ಮಗಳು ಸುವರ್ಣಾಳಿಗೆ ಏಳನೇ ತಿಂಗಳು, ಅವತ್ತು ಕುಬಸ. ತವರಿನವರು ಹಸಿರು ಸೀರೆ, ಬುತ್ತಿ ಹೊತ್ತುಕೊಂಡು ಮಧ್ಯಾಹ್ನದ ಒಳಗೆ ಮುಟ್ಟಬೇಕು. ಹಿಂದಿನ ರಾತ್ರಿ ಸುವರ್ಣಾ ಫೋನಿನಲ್ಲಿ ಅತ್ತುಬಿಟ್ಟಿದ್ದಳು. "ಅವ್ವಾ, ಸೀರಿ ಬರಲಿಲ್ಲಂದ್ರೂ ನಡೀತೈತಿ, ನಿನ್ನ ಕೈಯಾನ ಪುಂಡಿಪಲ್ಯ ಅಷ್ಟ ತಗೊಂಡು ಬಾ. ಬಾಯಿ ಬರೇ ಹುಳಿ ಬೇಡಾಕತ್ತೈತಿ." ಅದಕ್ಕೇ ಕಸ್ತೂರಿಬಾಯಿ ಪುಂಡಿಪಲ್ಯದ ಗಡಿಗೆಯನ್ನು ಯಾರ ಕೈಗೂ ಕೊಡದೆ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ಇನ್ನೊಂದು ಸಂಕಟವೂ ಇತ್ತು. ಅದರ ಹೆಸರು ಬೀಗತಿ ಜಗದೇವಿ. ಮಗಳ ಮದುವೆಯಲ್ಲಿ ರಾಚೋಟಪ್ಪ ಅಕ್ಷತೆ ಎರಚುವ ಯಂತ್ರ ತಂದು, ಅದು ಪುರೋಹಿತರ ಬಾಯಿಗೇ ಗುರಿಯಿಟ್ಟ ದಿನದಿಂದ ಆ ಹೆಂಗಸು ಇವರ ಹೆಸರೆತ್ತಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇವತ್ತೊಂದು ದಿನ ಹೊತ್ತಿಗೆ ಸರಿಯಾಗಿ ಹೋಗಿ, ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂಬುದೇ ಕಸ್ತೂರಿಬಾಯಿಯ ಆಸೆ.

ಊರು ದಾಟುತ್ತಲೇ ಬಯಲಿನ ಚಳಿಗಾಳಿ ಬೀಸಿತು. "ಯವ್ವಾ, ಚಳಿ!" ಎಂದು ಚಳಿಮಿತ್ರ ಚೀರಿ ಟೈರುಗಳಿಗೆ ಗಾಳಿ ತುಂಬತೊಡಗಿತು. ತುಂಬಿತು, ತುಂಬಿತು, ಇನ್ನೂ ತುಂಬಿತು! ಟೈರುಗಳು ಕಲ್ಲಾದವು. ಪರದೆಯ ಮೇಲೆ ಓಡಬಹುದಾದ ಕಿಲೋಮೀಟರುಗಳು ಸರಸರನೆ ಏರಿದವು.

"ನೋಡಿದ್ಯಾ!" ಎಂದು ರಾಚೋಟಪ್ಪ ಹಿಗ್ಗಿದ.

"ನೋ-ನೋ-ನೋಡಿದೆ!" ಎಂದಳು ಕಸ್ತೂರಿಬಾಯಿ. ಕಾರು ಓಡುತ್ತಿರಲಿಲ್ಲ, ಕುಣಿಯುತ್ತಿತ್ತು. ಸಣ್ಣದೊಂದು ಹರಳು ಸಿಕ್ಕರೂ ಅವಳ ತಲೆ ಟಾಪಿಗೆ ಬಡಿಯುತ್ತಿತ್ತು. ಹಿಂದಿನ ಸೀಟಿನ ಬುಟ್ಟಿಯಲ್ಲಿದ್ದ ಕಟಕ ರೊಟ್ಟಿಗಳು ಒಂದು ರಸ್ತೆಯುಬ್ಬಿಗೆ ಎರಡಾಗಿ, ಮುಂದಿನ ಉಬ್ಬಿಗೆ ನಾಲ್ಕಾಗಿ, ಕಡೆಗೆ ಹಿಟ್ಟಾಗುವ ದಾರಿ ಹಿಡಿದವು.

ಅದೂ ಹೇಗೋ ನಡೆಯುತ್ತಿತ್ತು. ಆದರೆ ಮುಂದೆ ರೈತರು ಕೊಯ್ದ ತೊಗರಿಯನ್ನು ರಸ್ತೆಗೆ ಹಾಸಿದ್ದರು. ಸುಗ್ಗಿಯಲ್ಲಿ ಅದು ಅಲ್ಲಿಯ ರೂಢಿ. ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಬೇರೆ ಗಾಡಿಗಳು ನಿಧಾನಕ್ಕೆ ದಾಟಿದವು. ಉಬ್ಬಿ ನಿಂತ ಟೈರುಗಳಿಗೋ ನೆಲದ ಮೇಲೆ ಹಿಡಿತವೇ ಇಲ್ಲ! ಕಾರು ತೊಗರಿಯ ಮೇಲೆ ಹೋಗಿದ್ದೇ ತಡ, ಸೊಂಯ್ ಎಂದು ಜಾರಿ ಗಿರಗಿರನೆ ತಿರುಗತೊಡಗಿತು.

"ಬ್ರೇಕ್ ಹಾಕ್ರೀ!"

"ಹಾಕೀನಿ! ಅದಕ್ಕ ತಿರಗಾಕತ್ತೈತಿ!"

ತಿರುಗಿ ತಿರುಗಿ ಕಾರು ನಿಂತಾಗ ತೊಗರಿಯ ಒಡತಿ ಬಡಿಗೆ ಹಿಡಿದು ಓಡಿಬಂದಳು. ಕಸ್ತೂರಿಬಾಯಿ ಗಡಿಗೆಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದಳು. ಆದರೆ ಆ ಹೆಂಗಸು ಬಗ್ಗಿ ಕಾಳು ನೋಡಿ ಬಡಿಗೆಯನ್ನೇ ಬಿಸಾಕಿದಳು.

"ಏನ್ ಚಂದ ಬಿಡಿಸಿತಲ್ರಿ ನಿಮ್ಮ ಗಾಡಿ! ಇಡೀ ದಿನದ ರಾಶಿ ಒಂದ ಗಳಿಗ್ಯಾಗ ಆತು. ಅಣ್ಣಾ, ಆ ಕಡಿಗೂ ಒಂದ್ ಸುತ್ತು ಹೊಡೀರಲ!"

ಬೇಡ ಎಂದರೂ ಕೇಳದೆ ಅವಳು ಒಂದು ಚೀಲ ತೊಗರಿಯನ್ನು ಹಿಂದಿನ ಸೀಟಿಗೆ ಏರಿಸಿಯೇ ಬಿಟ್ಟಳು.

ಜಾರಿದ್ದಕ್ಕೆ ಚಳಿಮಿತ್ರ ಪಾಠ ಕಲಿಯಿತು. "ಬಿದ್ದು ಸಾಯಬೇಕಂತ ಮಾಡೀರೇನು?" ಎಂದು ಗದರಿ, ಬುಸ್ಸೆಂದು ಗಾಳಿ ಬಿಟ್ಟಿತು. ಈಗ ಟೈರುಗಳು ಇಡ್ಲಿಯಷ್ಟು ಮೆತ್ತಗಾದವು. ಹಿಡಿತ ಬಂತು, ನಿಜ. ಆದರೆ ಕಾರು ಹೆಜ್ಜೆಹೆಜ್ಜೆಗೂ ರಸ್ತೆಯನ್ನು ಕಿತ್ತುಕೊಂಡು ಹೋಗುವಂತೆ ಎಳೆಯುತ್ತಿತ್ತು. ಪರದೆಯ ಮೇಲಿನ ಕಿಲೋಮೀಟರುಗಳು ಬಡಬಡನೆ ಇಳಿದವು. ಮೊದಲು ಹೀಟರು ಆರಿತು. ಆಮೇಲೆ ಕಸ್ತೂರಿಬಾಯಿಯ ದನಿಯಲ್ಲಿ ಅಪ್ಪಣೆ ಬಂತು. "ಭಾಳ ಭಾರ ಆಗೈತಿ! ಇಳಸ್ರಿ!"

"ಹಿಪ್ಪರಗಿಯೊಳಗ ನಿಮ್ಮ ಸಣ್ಣವ್ವನ ಮನಿ ಐತಲ್ಲ," ಎಂದ ರಾಚೋಟಪ್ಪ. "ರೊಟ್ಟಿ ಬುಟ್ಟಿ, ಹೋಳಿಗಿ ಡಬ್ಬಿ ಅಲ್ಲಿ ಕೊಟ್ಟು ಹಗುರಾಗೂಣು."

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಪೆಟ್ಟಿಗೆಯ ಲೆಕ್ಕ, ಸಣ್ಣವ್ವನದಲ್ಲ. ಅವಳು ರೊಟ್ಟಿಪುಡಿ, ಹೋಳಿಗೆ ಸುರಿದುಕೊಂಡು, ಬುಟ್ಟಿ ಡಬ್ಬಿ ಎರಡನ್ನೂ ಒಳಗೆ ಒಯ್ದಳು.

"ಖಾಲಿ ಬುಟ್ಟಿ ಹೊಳ್ಳಿ ಕೊಡೂ ಮಂದಿ ಅಂತ ತಿಳಿದಿಯೇನ ನಮ್ಮನ್ನ?" ಎಂದು ಬುಟ್ಟಿ ತುಂಬ ಶೇಂಗಾ, ಡಬ್ಬಿ ತುಂಬ ಬೆಲ್ಲ ಹಾಕಿ, ಸಾಲದೆಂದು ಎತ್ತಲಾರದಂಥ ಕುಂಬಳಕಾಯಿಯೊಂದನ್ನು ಹೊರಳಿಸಿಕೊಂಡು ಬಂದಳು. ಕಾರಿನ ಹೊಟ್ಟೆ ನೆಲ ಮುಟ್ಟಿತು.

ಸಿಂದಗಿಯಲ್ಲಿ ರಾಚೋಟಪ್ಪನ ಸೋದರತ್ತೆಯ ಮನೆ. ಅಲ್ಲಿ ಆ ಕುಂಬಳಕಾಯಿ, ಶೇಂಗಾ ಇಳಿಸಿದರು. ಅತ್ತೆ ಹೊಲದ ನಿಂಬೆಹಣ್ಣಿನ ಮೂಟೆ ಹೇರಿ, ಟಾಪಿನ ಮೇಲೆ ಒಂದು ಹೊರೆ ಕಬ್ಬು ಕಟ್ಟಿಸಿದಳು. ಕುಂಬಳಕಾಯಿಯೂ ವಾಪಸು ಬಂತು. "ನಮ್ಮನಿಯಾಗ ಇವು ಹಿತ್ತಲ ತುಂಬ ಬಿದ್ದಾವು," ಎಂದು ತನ್ನದೊಂದನ್ನೂ ಅದರ ಪಕ್ಕ ಇಟ್ಟಳು!

"ಎಲ್ಲೆಲ್ಲಿ ಹಗುರ ಮಾಡಾಕ ಹೋಗ್ತೀವಿ, ಅಲ್ಲೆಲ್ಲ ಬಸರಾಗಾಕತ್ತೈತಿ ಈ ಗಾಡಿ!" ಎಂದು ಕಸ್ತೂರಿಬಾಯಿ ಹಣೆ ಚಚ್ಚಿಕೊಂಡಳು.

ಜೇವರ್ಗಿ ಇನ್ನೂ ದೂರವಿರುವಾಗಲೇ ಕಾರು ನಿಂತಿತು.

"ಇಳಸ್ರಿ ಅಂದ್ರ ಇನ್ನೂ ಹೇರಿಕೊಂಡು ಬಂದೀರಿ," ಎಂದಿತು ಚಳಿಮಿತ್ರ. "ಹಿಂಗಾದ್ರ ಕಲಬುರ್ಗಿ ಕಂಡಂಗ!"

"ಚೀಲ ಇಲ್ಲೇ ಇಟ್ಟು ಹೋಗೂಣೇನು?" ಎಂದ ರಾಚೋಟಪ್ಪ.

"ಪ್ರೀತೀಲೆ ಕೊಟ್ಟಿದ್ದನ್ನ ರಸ್ತಾದಾಗ ಒಗೀತೀರೇನು? ನಾಚಿಕಿ ಆಗಂಗಿಲ್ಲ?" ಎಂದು ಕಸ್ತೂರಿಬಾಯಿ ಸಿಡುಕಿದಳು.

ಚಳಿಮಿತ್ರ ಕ್ಷಣ ಹೊತ್ತು ಗುಂಯ್‌ಗುಟ್ಟಿ, ಇಬ್ಬರ ಮಾತಿಗೂ ಹೊಂದುವ ತೀರ್ಪು ಕೊಟ್ಟಿತು. "ಕಾಲಿದ್ದವರು ಇಳೀರಿ!"

ರಾಚೋಟಪ್ಪ ಇಳಿದ. ಪರದೆಯ ಅಂಕಿ ಕೊಂಚ ಏರಿತು, ಸಾಲಲಿಲ್ಲ.

"ನೀನೂ ಇಳಿ," ಎಂದಿತು ಪೆಟ್ಟಿಗೆ.

"ನನಗ ಇಳಿ ಅಂತೀಯೇನ?"

"ಹೌದು, ಅಂತೀನಿ!"

"ನಾ ಯಾರಂತ ಗೊತ್ತೈತೇನ ನಿನಗ?"

"ಗೊತ್ತೈತಿ. ಅದಕ್ಕ ಅಂತೀನಿ!"

ಮದುವೆಯಾದ ಮೇಲೆ ಕಸ್ತೂರಿಬಾಯಿಯ ಬಾಯಿ ಕಟ್ಟಿದ್ದು ಅದೇ ಮೊದಲು. ರಸ್ತೆಯ ಮೇಲೆ ನಿಂತಿದ್ದ ರಾಚೋಟಪ್ಪನ ಮೀಸೆ ನಗುತ್ತಿತ್ತು. ಅವಳು ಗಡಿಗೆಗೆ ತನ್ನ ಶಾಲು ಹೊದಿಸಿ, ಸೀಟಿನ ಮೇಲಿಟ್ಟು, ಅಲ್ಲಾಡದಂತೆ ಬೆಲ್ಟು ಬಿಗಿದು, ಅಂಕಿ ಎಷ್ಟಾಯಿತು ನೋಡೋಣವೆಂದು ಒಂದೇ ಗಳಿಗೆ ಕೆಳಗಿಳಿದಳು.

"ಈಗ ಬರೋಬರಿ ಆತು!" ಎಂದಿತು ಕಾರು. ಬಾಗಿಲು ಧಡ್ಡನೆ ಮುಚ್ಚಿತು. ವೈಪರ್ ಮೋಟಾರು ಸ್ಟಿಯರಿಂಗ್ ತಿರುಗಿಸಿತು. ಹೊರಟೇ ಹೋಯಿತು!

"ಏ ನಿಂದರ! ನನ್ನ ಗಡಿಗಿ! ನನ್ನ ಗಡಿಗಿ!" ಎಂದು ಕಸ್ತೂರಿಬಾಯಿ ಓಡಿದಳು. ಆ ಹೊತ್ತಿಗೆ ಬಿಸಿಲೂ ಏರಿತ್ತು. ಬ್ಯಾಟರಿಯ ಜಡ ಬಿಟ್ಟು, ಟೈರುಗಳು ಕಾದು ತಾವಾಗಿಯೇ ಬಿಗಿಯಾಗಿ, ಕಾರು ನೋಡನೋಡುತ್ತಲೇ ಮಾಯವಾಯಿತು. ಅವಳು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ಅತ್ತೇಬಿಟ್ಟಳು. ಮಗಳು ಬಾಯಿ ಬಿಟ್ಟು ಬೇಡಿದ್ದು ಒಂದೇ ಒಂದು. ಅದೂ ಕೈಬಿಟ್ಟು ಹೋಯಿತು. ಅವಳ ಅಳು ಕಂಡು ರಾಚೋಟಪ್ಪನ ಮೀಸೆಯ ನಗುವೂ ಇಳಿಯಿತು. "ತಪ್ಪಾತ ಮಾರಾಯ್ತಿ," ಎಂದು ಅವನು ಬಂದ ಮೊದಲ ಬಸ್ಸಿಗೆ ಕೈ ಅಡ್ಡ ಹಾಕಿದ.

ಅವರು ಕಲಬುರ್ಗಿಯ ಬೀಗರ ಮನೆ ಮುಟ್ಟಿದಾಗ ಊಟದ ಪಂಕ್ತಿಯೂ ಎದ್ದಿತ್ತು. ಬಾಗಿಲಲ್ಲಿ ಕಾರು ನಿಂತಿತ್ತು! ಅದರ ಮೂತಿಗೆ ಕುಂಕುಮ, ಕನ್ನಡಿಗೆ ಹೂವಿನ ಹಾರ. ಪಡಸಾಲೆಯಲ್ಲಿ ಹಸಿರು ಸೀರೆಯುಟ್ಟ ಸುವರ್ಣಾ ಮಡಿಲಲ್ಲಿ ಗಡಿಗೆ ಇಟ್ಟುಕೊಂಡು, ಕೈ ಹಾಕಿ ತಳ ಬಳಿದು ತಿನ್ನುತ್ತಿದ್ದಳು. ತಾಯಿಯನ್ನು ಕಂಡದ್ದೇ ಕಣ್ಣು ತುಂಬಿಕೊಂಡು, ಬಾಯಿ ತುಂಬ ಪಲ್ಯ ಇಟ್ಟುಕೊಂಡೇ ನಕ್ಕಳು.

"ಅವ್ವಾ, ಇವರಿಗೆ ಯಾರಿಗೂ ಒಂದು ತುತ್ತೂ ಕೊಟ್ಟಿಲ್ಲ ನೋಡು!"

ಕಸ್ತೂರಿಬಾಯಿಯ ಜೀವ ತಣ್ಣಗಾಯಿತು. ಆದರೆ ಜಗದೇವಿ ಸೆರಗು ಸರಿಮಾಡಿಕೊಳ್ಳುತ್ತ ಎದುರಿಗೆ ಬರುವುದನ್ನು ಕಂಡು ಮತ್ತೆ ಬಿಸಿಯಾಯಿತು.

"ಹೊತ್ತಿಗಿ ಸರಿಯಾಗಿ ಬಂತ್ರಿ ನಿಮ್ ಗಾಡಿ," ಎಂದಳು ಜಗದೇವಿ. "ತಾನೇ ಬಾಗಿಲ ತೆರದು, ‘ಸುವರ್ಣಾ ಎಲ್ಲಿ? ಮದಲ ಆಕಿಗಿ ಉಣ್ಣಾಕ ಕೊಡ್ರಿ’ ಅಂತು. ಎಷ್ಟ್ ಅಂತಃಕರಣ ಅದ ಅದಕ್ಕ! ತೊಗರಿ, ಬೆಲ್ಲ, ನಿಂಬಿಹಣ್ಣ, ಕಬ್ಬು... ಇಷ್ಟೊಂದು ಯಾರ್ರಿ ತರ್ತಾರ ಈ ಕಾಲದಾಗ? ನಾವು ಆ ಗಾಡಿಗೇ ಉಡಿ ತುಂಬಿ, ಆರತಿ ಮಾಡೀವಿ."

ಕಸ್ತೂರಿಬಾಯಿ ಇಷ್ಟು ವರ್ಷ ಕಾದ ಒಳ್ಳೆಯ ಮಾತುಗಳೆಲ್ಲ ಒಂದೂ ಉಳಿಯದಂತೆ ಕಾರಿನ ಪಾಲಾಗಿದ್ದವು!

ಸಂಜೆ ಜಗದೇವಿ ವಾಡಿಕೆಯಂತೆ ಖಾಲಿ ಬುಟ್ಟಿ, ಡಬ್ಬಿ, ಗಡಿಗೆಗಳನ್ನು ತುಂಬಿಸಿ ಕಾರಿಗೆ ಹೇರಿಸಿದಳು. ಬೀಗರ ಮನೆಯ ಕರೆಂಟಿನಿಂದ ಚಾರ್ಜಾಗಿದ್ದ ಕಾರು ತಕರಾರಿಲ್ಲದೆ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತು. ಗಂಡ ಹೆಂಡತಿ ಹತ್ತಿರ ಬಂದದ್ದೇ ತಡ, ಬಾಗಿಲು ಬಿಗಿದುಕೊಂಡು, "ಕಾಲಿದ್ದವರಿಗೆ ಬಸ್ ಐತಿ!" ಎಂದು ಗದರಿತು. ರಾಚೋಟಪ್ಪ ತಂತಿ ಕೀಳಲು ಕೈ ಹಾಕುವಷ್ಟರಲ್ಲಿ ಅದು ವಿಜಯಪುರದ ಕಡೆ ಮೂತಿ ತಿರುಗಿಸಿ ಒಂದೇ ಸಮನೆ ಓಡಿತು.

ಜಗದೇವಿ ಅದು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸಿ, ಬೀಗತಿಯ ಕಡೆ ತಿರುಗಿದಳು.

"ಮುಂದ ತೊಟ್ಟಿಲ ಕಾರ್ಯಕ್ರಮಕ್ಕ ನೀವು ಸುಮ್ನ ಯಾಕ ತ್ರಾಸ ತಗೋತೀರಿ, ಅಕ್ಕಾವ್ರ? ಗಾಡಿ ಒಂದು ಕಳಸ್ರಿ, ಸಾಕು."